ಮಹೀಂದ್ರಾ ಎಂಎಂ 540: ಕಲಬುರಗಿ ಬಿಸಿಲಿಗೂ ಎರೆಮಣ್ಣಿಗೂ ಹಳೆ ಜೀಪು ರೆಡಿ ಮಾಡುವವರಿಗೆ

ಮೊದಲ ಸಲ ಹಳೆ ಫೋರ್ ವ್ಹೀಲ್ ಗಾಡಿ ಕೊಂಡು ಅದನ್ನು ಎಬ್ಬಿಸಿ ಓಡಿಸಬೇಕು ಅನ್ನುವವರಿಗೆ ನಮ್ಮ ಕಡೆ ಮಹೀಂದ್ರಾ ಎಂಎಂ 540ಕ್ಕಿಂತ ಸಲೀಸಾದ ಗಾಡಿ ಇಲ್ಲ. ಓಡಿಸಲು ಸುಖ ಅಂತ ಈ ಮಾತಲ್ಲ. ಸೀಟು ಗಟ್ಟಿ, ಸದ್ದು ಜೋರು, ವೇಗ ಅರವತ್ತು ದಾಟಿದರೆ ಪಕ್ಕದಲ್ಲಿ ಕೂತವರ ಮಾತು ಕೇಳುವುದಿಲ್ಲ. ಆದರೆ ಇದೇ ಎಂಜಿನ್ ಇದ್ದ ಕಮಾಂಡರ್ ಜೀಪುಗಳು ಸೇಡಂ, ಚಿಂಚೋಳಿ, ಅಫಜಲಪುರ, ಶಹಾಪುರದ ಹಳ್ಳಿಗಳಿಗೆ ವರ್ಷಗಟ್ಟಲೆ ಪ್ಯಾಸೆಂಜರ್ ಹೊಡೆದಿವೆ. ಹಾಗಾಗಿ ತಲೆ ನರೆತ ಯಾವ ಡೀಸೆಲ್ ಮೇಸ್ತ್ರಿಯ ಹತ್ತಿರ ಒಯ್ದರೂ ಕೈಪಿಡಿ ಕೇಳದೆ ಬಿಚ್ಚಿ ಕೂಡಿಸುತ್ತಾರೆ. ಮೊದಲ ಗಾಡಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ಈ ಗಾಡಿಯನ್ನು ಇಲ್ಲಿ ಹಾಳು ಮಾಡುವುದು ಎರಡೇ: ಬೇಸಿಗೆಯ ಕಾವು ಮತ್ತು ಎರೆಮಣ್ಣು. ಕೈಲಿರುವ ದುಡ್ಡು ಮೊದಲು ರೇಡಿಯೇಟರ್‌ಗೆ, ಮುಂದಿನ ಗಾಲಿಗಳ ನಕಲ್‌ಗೆ (ಗಾಲಿ ಎಡಬಲ ತಿರುಗುವ ಕೀಲು), ಬ್ರೇಕಿಗೆ ಹೋಗಬೇಕು. ಹೊಸಬರು ಸಾಮಾನ್ಯವಾಗಿ ಉಲ್ಟಾ ಮಾಡುತ್ತಾರೆ. ಹಸಿರು ಬಣ್ಣ ಹೊಡೆಸಿ, ಎಲ್‌ಇಡಿ ಬಾರ್ ಕೂಡಿಸಿ, ಅಗಲ ಟೈರು ಹಾಕಿ, ಹುಮನಾಬಾದ್ ಮುಟ್ಟುವ ಮೊದಲೇ ಬಾನೆಟ್ ಎತ್ತಿ ನಿಲ್ಲುತ್ತಾರೆ.

ಎಂಜಿನ್ ಪೂಜೋ ಕಂಪನಿಯ ಎಕ್ಸ್‌ಡಿಪಿ 4.90. ನಾಲ್ಕು ಸಿಲಿಂಡರ್, 90 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ), 2112 ಸಿಸಿ, ಸುಮಾರು 62 ಅಶ್ವಶಕ್ತಿ. ಟರ್ಬೊ ಇಲ್ಲ, ಸೆನ್ಸಾರ್ ಇಲ್ಲ. ನಾಲ್ಕು ಗೇರು, ಲೋ ರೇಂಜ್ (ನಿಧಾನ, ಹೆಚ್ಚು ಎಳೆತ) ಇರುವ ಟ್ರಾನ್ಸ್‌ಫರ್ ಕೇಸ್, ಅಂದರೆ ಶಕ್ತಿಯನ್ನು ಹಿಂದೆ ಮುಂದೆ ಹಂಚುವ ಪೆಟ್ಟಿಗೆ, ನಾಲ್ಕೂ ಕಡೆ ಪಾಟಾ, ಅಂದರೆ ಪಟ್ಟಿ ಸ್ಪ್ರಿಂಗು. ಮಾರಾಟಕ್ಕೆ ಬರುವ ಗಾಡಿಗಳಲ್ಲಿ ಎಷ್ಟೋ ಕಡೆ ಪೂಜೋ ತೆಗೆದು 2523 ಸಿಸಿ ಡಿಐ (ಡೈರೆಕ್ಟ್ ಇಂಜೆಕ್ಷನ್) ಎಂಜಿನ್ ಕೂಡಿಸಿರುತ್ತಾರೆ. ಎಳೆತಕ್ಕೆ ಡಿಐ ಚಲೋ, ಡೀಸೆಲ್ಲೂ ಕಡಿಮೆ ಕುಡಿಯುತ್ತದೆ. ಆದರೆ ಆ ಎಂಜಿನ್ ನಂಬರ್ ಆರ್‌ಸಿಯಲ್ಲಿ ಏರಿದೆಯೇ ಅನ್ನುವುದೇ ಪ್ರಶ್ನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಗೆ ಹೊಂದದ ಬದಲಾವಣೆ ನಡೆಯುವುದಿಲ್ಲ. ನಂಬರ್ ಏರದಿದ್ದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ವೇಳೆ ಗಾಡಿ ಅಲ್ಲೇ ನಿಲ್ಲುತ್ತದೆ.

ಕಾಗದದ ಮಾತು ಗಾಡಿಗಿಂತ ಮೊದಲು. ಕಲಬುರಗಿ ಗಡಿ ಜಿಲ್ಲೆ, ಆದ್ದರಿಂದ ಸೊಲ್ಲಾಪುರ, ಹೈದರಾಬಾದ್ ಕಡೆಯ ನಂಬರಿನ ಜೀಪು ಅಗ್ಗಕ್ಕೆ ಸಿಗುತ್ತದೆ. ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ, ಇಲ್ಲಿ ಕೆಎ-32ಕ್ಕೆ ಹೊಸ ನಂಬರ್ ಪಡೆಯಲು ಫಾರಂ 27, ಜೊತೆಗೆ ಕರ್ನಾಟಕದ ತೆರಿಗೆ, ಇಷ್ಟನ್ನೂ ಸೇರಿಸಿ ಲೆಕ್ಕ ಹಾಕಿದರೆ ಆ ಅಗ್ಗ ಉಳಿಯುವುದಿಲ್ಲ. ಸ್ವಂತ ಬಳಕೆಯ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಾರಂ 25 ಕೊಟ್ಟು, ಗಾಡಿ ತೋರಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. 2025ರ ಆಗಸ್ಟಿನ ಅಧಿಸೂಚನೆಯಿಂದ 20 ವರ್ಷ ದಾಟಿದ ಲಘು ವಾಹನಕ್ಕೆ ಈ ನವೀಕರಣ ಶುಲ್ಕವೇ 10,000 ರೂಪಾಯಿ. ಹಸಿರು ತೆರಿಗೆ ಬೇರೆ. ‘ಕಾಗದ ಆಮೇಲೆ ಮಾಡಿಸಿಕೊಡ್ತೀವ್ರೀ’ ಅನ್ನುವವರ ಗಾಡಿ ಬಿಟ್ಟುಬಿಡಿ. ಎಷ್ಟೇ ಚಲೋ ಇದ್ದರೂ ಅದಕ್ಕೆ ಗುಜರಿ ಬೆಲೆಯೇ ಸರಿ.

ನೋಡಲು ಹೋಗುವಾಗ ಒಂದು ವಾಯರ್ ಬ್ರಷ್, ಟಾರ್ಚು, ಮ್ಯಾಗ್ನೆಟ್ ಒಯ್ಯಿರಿ. ಸ್ಟೀರಿಂಗ್ ಬಾಕ್ಸ್ ಕೂಡುವ ಜಾಗ, ಪಾಟಾ ಹ್ಯಾಂಗರ್‌ಗಳ ಬುಡ, ಶಾಕ್ ಅಬ್ಸಾರ್ಬರ್ ಬ್ರಾಕೆಟ್: ಚಾಸಿ ಬಿರುಕು ಬಿಡುವುದು ಈ ಮೂರು ಕಡೆ. ಬ್ರಷ್ ಹೊಡೆದು ಕಬ್ಬಿಣ ಕಾಣುವ ಹಾಗೆ ಮಾಡಿ. ಹೊಸದಾಗಿ ದಪ್ಪ ಕರಿ ಬಣ್ಣ ಬಳಿದಿದ್ದರೆ ಅಲ್ಲೇ ಹೆಚ್ಚು ಉಜ್ಜಬೇಕು. ಬಾಡಿ ತೂತು ಬಿದ್ದಿದ್ದರೆ ಹೆದರಬೇಡಿ, ತಗಡು ಹಾಕಿಸಬಹುದು. ಚಾಸಿ ಸೊಟ್ಟ ಆಗಿದ್ದರೆ ಮಾತ್ರ ಮುಟ್ಟಬೇಡಿ. ನಮ್ಮದು ಒಣ ಹವೆ, ಕರಾವಳಿ ಗಾಡಿಗಳಷ್ಟು ತುಕ್ಕು ಇಲ್ಲಿ ಹಿಡಿಯುವುದಿಲ್ಲ. ಹಿಡಿದರೆ ಎರೆಮಣ್ಣು ಕೂತು ತೇವ ಉಳಿಯುವ ಕಡೆ ಹಿಡಿಯುತ್ತದೆ: ಡ್ರೈವರ್ ಕಾಲ ಕೆಳಗಿನ ನೆಲ, ಬಾಡಿ ಚಾಸಿಯ ಮೇಲೆ ಕೂಡುವ ಚಾನೆಲ್‌ಗಳ ಒಳಗೆ.

ಇನ್ನು ಕಾವಿನ ವಿಷಯ. ಮೇ ತಿಂಗಳಲ್ಲಿ ಕಲಬುರಗಿ 42 ಡಿಗ್ರಿ ದಾಟುತ್ತದೆ. ಜೊತೆಗೆ ಇದು ಶಹಾಬಾದ್ ಕಲ್ಲಿನ ಸೀಮೆ, ಬೋರ್‌ವೆಲ್ ನೀರಿನಲ್ಲಿ ಸುಣ್ಣ ಜಾಸ್ತಿ. ಹಿಂದಿನ ಮಾಲೀಕರು ಅದೇ ನೀರು ಸುರಿದು ಸುರಿದು ರೇಡಿಯೇಟರ್ ಕೊಳವೆಗಳಲ್ಲಿ ಸುಣ್ಣ ಕಟ್ಟಿಸಿರುತ್ತಾರೆ. ಕೆಳಗಿನ ಹೋಸ್ ಬಿಚ್ಚಿ, ಮೇಲಿನಿಂದ ಬಕೆಟ್ ನೀರು ಸುರಿಯಿರಿ. ಸುರಿದಷ್ಟೇ ರಭಸಕ್ಕೆ ಕೆಳಗೆ ಬೀಳಬೇಕು. ಮೇಲೆ ತುಂಬಿ ನಿಂತು ಕೆಳಗೆ ಸಣ್ಣಗೆ ಬಿದ್ದರೆ ಕೊಳವೆ ಕಟ್ಟಿದೆ. ರೇಡಿಯೇಟರ್‌ನ ಟ್ಯಾಂಕ್ ಬಿಚ್ಚಿಸಿ ಕೊಳವೆಗಳಿಗೆ ರಾಡ್ ಹಾಕಿಸಿ, ಹಿತ್ತಾಳೆ ಕೋರ್ (ಕೊಳವೆಗಳ ಜಾಲ) ಮೆತ್ತಗಾಗಿದ್ದರೆ ಹೊಸ ಕೋರ್ ಕೂಡಿಸಿ. ಪೌಡರ್ ಹಾಕಿ ತೊಳೆಯುವುದು ಇಷ್ಟು ಹಳೆ ಸುಣ್ಣಕ್ಕೆ ಸಾಲದು. ಆಮೇಲೆ ಡಿಸ್ಟಿಲ್ಡ್ ನೀರು ಮತ್ತು ಕೂಲೆಂಟ್ ಅರ್ಧರ್ಧ ಹಾಕಿ. ಬೋರ್ ನೀರು ಮತ್ತೆ ಮುಟ್ಟಿಸಬೇಡಿ.

ಫ್ಯಾನಿನ ಸುತ್ತಲಿನ ತಗಡಿನ ಶ್ರೌಡ್ ಹತ್ತರಲ್ಲಿ ಎಂಟು ಗಾಡಿಗೆ ಇರುವುದಿಲ್ಲ, ಯಾವಾಗಲೋ ಬೆಲ್ಟ್ ಹಾಕುವಾಗ ಅಡ್ಡ ಬಂತೆಂದು ಕಿತ್ತಿರುತ್ತಾರೆ. ವೇಗದಲ್ಲಿ ಹೋಗುವಾಗ ಅದರ ಕೊರತೆ ಗೊತ್ತಾಗದು. ಲೋ ರೇಂಜ್‌ನಲ್ಲಿ ಹೊಲದ ದಾರಿ ಹತ್ತುವಾಗ ಗಾಳಿ ರೇಡಿಯೇಟರ್ ಮೂಲಕ ಬಾರದೆ ಪಕ್ಕದಿಂದ ತಿರುಗುತ್ತದೆ, ಕಾವಿನ ಮೀಟರಿನ ಮುಳ್ಳು ಮೇಲೇರುತ್ತದೆ. ತಗಡು ಕೆಲಸದವರ ಹತ್ತಿರ ಅರ್ಧ ದಿನದ ಕೆಲಸ ಇದು, ಖಂಡಿತ ಮಾಡಿಸಿ. ‘ಗಾಡಿ ಗರಂ ಆಗ್ಲಕತ್ತದ್ರೀ’ ಅಂದ ಕೂಡಲೇ ಥರ್ಮೋಸ್ಟ್ಯಾಟ್ (ಕಾವಿಗೆ ತಕ್ಕಂತೆ ನೀರು ಬಿಡುವ ವಾಲ್ವ್) ಕಿತ್ತು ಬಿಸಾಡುವ ಮೇಸ್ತ್ರಿಗಳಿದ್ದಾರೆ. ಕಿತ್ತರೆ ಎಂಜಿನ್ ಸರಿಯಾದ ಕಾವಿಗೆ ಬರಲು ತಡ, ಡೀಸೆಲ್ ಸರಿಯಾಗಿ ಉರಿಯದು, ಸಿಲಿಂಡರಿನ ಬೋರ್ ಬೇಗ ಸವೆಯುತ್ತದೆ. ಅನುಮಾನ ಇದ್ದರೆ ಅದನ್ನು ಕುದಿಯುವ ನೀರಿಗೆ ಬಿಟ್ಟು ನೋಡಿ, ಬಾಯಿ ಬಿಟ್ಟರೆ ತಪ್ಪು ಅದರದ್ದಲ್ಲ. ಡ್ಯಾಶ್‌ಬೋರ್ಡಿನ ಹಳೆ ಮೀಟರ್ ನಂಬದೆ, ನೇರ ನಳಿಗೆಯ ಮೆಕ್ಯಾನಿಕಲ್ ಟೆಂಪರೇಚರ್ ಗೇಜ್ ಒಂದು ಕೂಡಿಸಿ.

ಕಾವು ಆಗಲೇ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ತಿಂದಿದೆಯೇ ಅಂತ ತಿಳಿಯುವುದು ಹೀಗೆ. ಎಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು, ನೀರು ಕಂಠದವರೆಗೆ ತುಂಬಿಸಿ ಸ್ಟಾರ್ಟ್ ಮಾಡಿ. ಮೊದಲು ನಾಲ್ಕಾರು ಗುಳ್ಳೆ ಬಂದು ನಿಂತರೆ ಅದು ಒಳಗೆ ಸಿಕ್ಕ ಗಾಳಿ. ಗುಳ್ಳೆ ನಿಲ್ಲದೆ ಏಳುತ್ತಾ, ರೇಸ್ ಮಾಡಿದಾಗ ಹೆಚ್ಚುತ್ತಾ, ಮೂಗು ಒಯ್ದರೆ ಹೊಗೆ ವಾಸನೆ ಬಂದರೆ ಕಂಪ್ರೆಶನ್ ನೀರಿಗೆ ನುಗ್ಗುತ್ತಿದೆ. ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಿದರೆ ತಿಂಗಳಲ್ಲಿ ಮತ್ತೆ ಅದೇ ಕಥೆ. ಹೆಡ್ ಪ್ರೆಶರ್ ಟೆಸ್ಟ್ ಮಾಡಿಸಿ ಬಿರುಕಿಲ್ಲ ಅಂತ ಖಾತ್ರಿ ಮಾಡಿಕೊಂಡು ಫೇಸಿಂಗ್ (ಮೈ ಸಮ ಮಾಡುವುದು) ಮಾಡಿಸಿ. ಇದು ವೆಟ್ ಲೈನರ್ ಎಂಜಿನ್, ಅಂದರೆ ಸಿಲಿಂಡರಿನ ಕೊಳವೆ ಬೇರೆ, ಅದರ ಸುತ್ತ ನೀರು. ಆ ಲೈನರ್‌ನ ಅಂಚು ಬ್ಲಾಕಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿರಲೇಬೇಕು, ಗ್ಯಾಸ್ಕೆಟ್ ಹಿಡಿಯುವುದು ಅದೇ. ನಾಲ್ಕೂ ಲೈನರ್‌ಗಳನ್ನು ಡಯಲ್ ಗೇಜ್ ಇಟ್ಟು ಅಳೆಯದ ಕಡೆ ಹೆಡ್ ಕೂಡಿಸಬೇಡಿ. ಬೋಲ್ಟು ಮಧ್ಯದಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಉದ್ದನೆ ಪೈಪು ಹಾಕಿ ‘ಕೈಲೆಕ್ಕ’ದಲ್ಲಿ ಬಿಗಿಯುವವರಿಗೆ ಬೇರೆ ಕೆಲಸ ಕೊಡಿ. ಎಣ್ಣೆ ಗೇಜಿನ ಕಡ್ಡಿಯಲ್ಲಿ ಹಾಲು ಬೆರೆಸಿದ ಚಹಾದ ಬಣ್ಣ ಕಂಡರೆ ಲೈನರ್ ಕೆಳಗಿನ ರಬ್ಬರ್ ರಿಂಗು ಹೋಗಿರುವ ಸಾಧ್ಯತೆಯೂ ಇದೆ, ಆಗ ಎಂಜಿನ್ ಕೆಳಗಿನವರೆಗೆ ಬಿಚ್ಚುವ ಕೆಲಸ.

ಹೊಗೆ ನೋಡಿಯೇ ಅರ್ಧ ತಿಳಿಯುತ್ತದೆ. ಬೆಳಿಗ್ಗೆ ಬಿಳಿ ಹೊಗೆ, ಸ್ಟಾರ್ಟ್‌ಗೆ ತಡ: ಹೀಟರ್ ಪ್ಲಗ್ (ಸ್ಟಾರ್ಟ್‌ಗೆ ಮೊದಲು ಸಿಲಿಂಡರ್ ಕಾಯಿಸುವುದು) ಅಥವಾ ಕಂಪ್ರೆಶನ್. ಪ್ಲಗ್‌ನ ವಾಯರ್ ಬಿಚ್ಚಿ ಮಲ್ಟಿಮೀಟರ್ ಇಟ್ಟಾಗ ಓಮ್ಸ್ ತೋರಿಸದೆ ಓಪನ್ ಬಂದರೆ ಅದು ಸತ್ತಿದೆ. ಕರಿ ಹೊಗೆ ನೋಜಲ್‌ನದ್ದು, ಇಲ್ಲವೇ ಏರ್ ಕ್ಲೀನರ್ ಕಟ್ಟಿದೆ. ನೀಲಿ ಹೊಗೆ ಎಣ್ಣೆಯದ್ದು, ಅಂದರೆ ರಿಂಗು, ಗೈಡು, ಖರ್ಚು. ಎಣ್ಣೆ ತೊಟ್ಟಿಯ ಏರ್ ಕ್ಲೀನರ್ ಇದ್ದರೆ ಕಿತ್ತು ಕಾಗದದ್ದು ಹಾಕಬೇಡಿ. ತೊಗರಿ ರಾಶಿಯ ಕಾಲದ ಧೂಳಿಗೆ ಅದೇ ಸೈ, ಗುರುತಿನ ಮಟ್ಟಕ್ಕೆ ಎಣ್ಣೆ ಹಾಕಿ ಆಗಾಗ ತಳದ ಕೆಸರು ತೆಗೆದರೆ ಸಾಕು.

ಈಗ ಎರೆಮಣ್ಣು. ಮುಂದಿನ ಆಕ್ಸಲ್‌ನ ಎರಡು ತುದಿಯ ಗುಂಡು ನಕಲ್ ಈ ಜೀಪಿನ ನಾಜೂಕಾದ ಜಾಗ. ಗುಂಡಿನ ಸುತ್ತ ಸೀಲ್ ಇದೆ, ಒಳಗೆ ಆಕ್ಸಲ್ ಜಾಯಿಂಟು, ಮೇಲೆ ಕೆಳಗೆ ನಕಲ್ ತಿರುಗುವ ಕಿಂಗ್ ಪಿನ್ನಿನ ಬೇರಿಂಗು. ಮಳೆಗಾಲದಲ್ಲಿ ಮಣ್ಣು ಗುಂಡಿನ ಮೇಲೆ ಅಂಟಿ ಒಣಗುತ್ತದೆ, ಸ್ಟೀರಿಂಗ್ ತಿರುಗಿದಾಗೆಲ್ಲ ಆ ಗಟ್ಟಿ ಮಣ್ಣು ಸೀಲಿನ ಅಂಚನ್ನು ಕೆರೆಯುತ್ತದೆ, ಆಮೇಲೆ ಹಳ್ಳದ ನೀರು ಒಳಗೆ. ಬಿಚ್ಚಿದಾಗ ಗ್ರೀಸ್ ಬದಲು ಬೂದು ಕೆಸರು ಸುರಿದರೆ ಆಶ್ಚರ್ಯಪಡಬೇಡಿ. ಗುಂಡಿನ ಮೈ ಬೆರಳಿಗೆ ನುಣುಪಾಗಿರಬೇಕು. ತುಕ್ಕಿನ ಕುಳಿ ಬಿದ್ದಿದ್ದರೆ ಹೊಸ ಸೀಲು ಹಾಕಿದರೂ ಸೋರುತ್ತದೆ, ಲೇತ್‌ನವರಿಂದ ತುಂಬಿಸಿ ನುಣುಪು ಮಾಡಿಸಬೇಕು. ಎರಡೂ ಕಡೆಯ ಸೀಲ್ ಕಿಟ್, ನಾಲ್ಕು ಕಿಂಗ್ ಪಿನ್ ಬೇರಿಂಗ್, ಶಿಮ್ (ತೆಳು ತಗಡಿನ ಬಿಲ್ಲೆ) ಸೆಟ್ ಒಟ್ಟಿಗೇ ತನ್ನಿ. ಶಿಮ್ ತೆಗೆದಷ್ಟೂ ಬಿಗಿ, ಸೇರಿಸಿದಷ್ಟೂ ಸಡಿಲ. ಸೀಲ್ ಹಾಕುವ ಮೊದಲೇ ನಕಲ್‌ನ ತೋಳಿಗೆ ಸ್ಪ್ರಿಂಗ್ ಕಾಂಟಾ (ತಕ್ಕಡಿ) ಸಿಕ್ಕಿಸಿ ಎಳೆದು ಎರಡೂ ಕಡೆ ಒಂದೇ ಬಿಗಿ ಇದೆಯೇ ನೋಡಬೇಕು.

ಐವತ್ತು ಅರವತ್ತರ ವೇಗದಲ್ಲಿ ಸ್ಟೀರಿಂಗ್ ಗಡಗಡ ನಡುಗುವ ರೋಗದ ಮೂಲವೂ ಹೆಚ್ಚಾಗಿ ಇಲ್ಲೇ. ಮೊದಲು ಟೈರಿನ ಗಾಳಿ, ರಿಮ್ಮಿನೊಳಗೆ ಒಣಗಿದ ಮಣ್ಣು, ಆಮೇಲೆ ವ್ಹೀಲ್ ಬೇರಿಂಗ್, ಟೈರಾಡ್ ಎಂಡ್, ಕೊನೆಗೆ ಕಿಂಗ್ ಪಿನ್, ಈ ಕ್ರಮದಲ್ಲಿ ನೋಡಿ. ನೇರವಾಗಿ ಸ್ಟೀರಿಂಗ್ ಡ್ಯಾಂಪರ್ ಕೂಡಿಸಿದರೆ ನಡುಕ ಅಡಗುತ್ತದೆ, ಸವೆತ ಒಳಗೇ ಮುಂದುವರಿಯುತ್ತದೆ.

ಬ್ರೇಕು ನಾಲ್ಕೂ ಡ್ರಮ್. ಹಳೆ ಗಾಡಿಗಳ ಮಾಸ್ಟರ್ ಸಿಲಿಂಡರ್ ಒಂದೇ ಸರ್ಕ್ಯೂಟಿನದ್ದು, ಎಲ್ಲಿ ಒಂದು ಪೈಪು ಸೋರಿದರೂ ನಾಲ್ಕೂ ಗಾಲಿಯ ಬ್ರೇಕ್ ಹೋಗುತ್ತದೆ. ಎರಡು ಸರ್ಕ್ಯೂಟಿನ ಟ್ಯಾಂಡಮ್ ಹಾಕಿಸುವುದು ಈ ಇಡೀ ರಿಪೇರಿಯ ಅತಿ ಮುಖ್ಯ ಕೆಲಸ. ವ್ಹೀಲ್ ಸಿಲಿಂಡರ್ ತುಕ್ಕಿಗೆ ಹಿಡಿದಿದ್ದರೆ ಹೊಸದೇ ಇರಲಿ, ಉಜ್ಜಿ ಕಿಟ್ ಹಾಕುವುದು ಬೇಡ. ರಬ್ಬರ್‌ಗಳನ್ನು ಡೀಸೆಲ್, ಪೆಟ್ರೋಲಿನಲ್ಲಿ ತೊಳೆದರೆ ಉಬ್ಬಿ ಬ್ರೇಕು ಜಾಮ್ ಆಗುತ್ತದೆ, ಬ್ರೇಕ್ ಆಯಿಲಿನಲ್ಲೇ ತೊಳೆಯಬೇಕು. ಗಾಳಿ ತೆಗೆಯುವಾಗ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಡ್ರೈವರ್ ಕಡೆ. ಹ್ಯಾಂಡ್ ಬ್ರೇಕ್ ಟ್ರಾನ್ಸ್‌ಫರ್ ಕೇಸ್ ಹಿಂದಿನ ಸಣ್ಣ ಡ್ರಮ್ಮಿನಲ್ಲಿದೆ, ಅಲ್ಲಿನ ಸೀಲ್ ಸೋರಿದರೆ ಬ್ರೇಕ್ ಲೈನರ್‌ಗೆ ಎಣ್ಣೆ ಹತ್ತಿ ಬ್ರೇಕು ಹಿಡಿಯದು. ಮೊದಲು ಸೀಲು, ಆಮೇಲೆ ಲೈನರ್.

ಗೇರ್ ಎಣ್ಣೆಯಲ್ಲಿ ಗೇರ್‌ಬಾಕ್ಸಿಗೆ ಜಿಎಲ್-4, ಡಿಫ್‌ಗಳಿಗೆ (ಆಕ್ಸಲ್ ನಡುವಿನ ಡಿಫರೆನ್ಶಿಯಲ್) ಜಿಎಲ್-5 ದರ್ಜೆ, ಎರಡೂ 80ಡಬ್ಲ್ಯೂ-90 ಸಾಂದ್ರತೆ. ಜಿಎಲ್-5 ಒಂದನ್ನೇ ಎಲ್ಲಕ್ಕೂ ಸುರಿದರೆ ಅದರ ರಾಸಾಯನಿಕ ಗೇರ್‌ಬಾಕ್ಸಿನ ಹಿತ್ತಾಳೆ ಸಿಂಕ್ರೊ ರಿಂಗುಗಳನ್ನು ತಿನ್ನಬಹುದು. ಹಳೆ ಎಣ್ಣೆ ಇಳಿಸುವ ಮೊದಲು ತುಂಬುವ ಬೋಲ್ಟು ಸಡಿಲಾಗುತ್ತದೆಯೇ ನೋಡಿ. ಎಣ್ಣೆ ಇಳಿಸಿದ ಮೇಲೆ ಅದು ಬಿಚ್ಚದಿದ್ದರೆ ಗಾಡಿ ಅಲ್ಲೇ ನಿಂತ ಹಾಗೆ. ಟ್ರಾನ್ಸ್‌ಫರ್ ಕೇಸಿನಲ್ಲಿ ಎಣ್ಣೆ ಹೆಚ್ಚು, ಗೇರ್‌ಬಾಕ್ಸಿನಲ್ಲಿ ಕಡಿಮೆ ಕಂಡರೆ ನಡುವಿನ ಸೀಲು ಹೋಗಿದೆ, ಮೇಲಿಂದ ಮೇಲೆ ಎಣ್ಣೆ ಹಾಕಿ ಉಪಯೋಗವಿಲ್ಲ. ಕಾಗಿಣಾ ದಂಡೆಯಲ್ಲಿ ನೀರು ದಾಟುವ ಹವ್ಯಾಸ ಇದ್ದರೆ ಡಿಫ್‌ನ ಬ್ರೀದರ್‌ಗೆ (ಗಾಳಿ ಆಡುವ ತೂತು) ಉದ್ದ ನಳಿಗೆ ಹಾಕಿ ಮೇಲಕ್ಕೆ ಕಟ್ಟಿ. ಬಿಸಿ ಡಿಫ್ ತಣ್ಣೀರಿಗೆ ಇಳಿದರೆ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಡಾಂಬರು ರಸ್ತೆಯಲ್ಲಿ ಫೋರ್ ವ್ಹೀಲ್ ಹಾಕಬೇಡಿ. ನಡುವೆ ಡಿಫ್ ಇಲ್ಲದ್ದರಿಂದ ಶಾಫ್ಟುಗಳು ಬಿಗಿದುಕೊಂಡು ಲಿವರ್ ಹೊರಗೆ ಬಾರದು. ಪರೀಕ್ಷೆ ಮಾಡುವುದಿದ್ದರೆ ಸಡಿಲ ಮಣ್ಣಿನಲ್ಲಿ ಮಾಡಿ. ಚಿಂಚೋಳಿ ವನ್ಯಧಾಮದ ಒಳದಾರಿ ಅದಕ್ಕೆ ಜಾಗವಲ್ಲ.

ವಾಯರಿಂಗ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ತೇಪೆ ಹಾಕುವ ಬದಲು ಪೂರಾ ಹಾರ್ನೆಸ್ ಹೊಸದು ಹಾಕಿ, ಫ್ಯೂಸ್ ಬಾಕ್ಸ್ ಇರಲಿ. ಬಾಡಿಗೆ ಪುಟ್ಟಿ ಕಡಿಮೆ, ಬೆಸುಗೆ ಹೆಚ್ಚು. ಬರಿ ಕಬ್ಬಿಣದ ಮೇಲೆ ಎಪಾಕ್ಸಿ ಪ್ರೈಮರ್ ಹೊಡೆಸಿ, ರೆಡ್ ಆಕ್ಸೈಡ್ ಅಗ್ಗವಾದರೂ ತೇವ ಹೀರುತ್ತದೆ. ಹರಿಯಾಣದ ಡಬ್ವಾಲಿಯಿಂದ ಬರುವ ಹೊಸ ಬಾಡಿ ಹಾಕಿಸುವುದಾದರೆ ತಗಡಿನ ದಪ್ಪ ಕೇಳಿ, ಬೋಲ್ಟಿನ ತೂತು ಹೊಂದಿಸಲು ಎರಡು ದಿನ ಜಾಸ್ತಿ ಇಟ್ಟುಕೊಳ್ಳಿ.

ಎಂಜಿನ್ ಕಿಟ್, ಬ್ರೇಕು, ಬೇರಿಂಗು ಕಲಬುರಗಿಯಲ್ಲೇ ಸಿಗುತ್ತವೆ. ನಕಲ್ ಗುಂಡು, ಟ್ರಾನ್ಸ್‌ಫರ್ ಕೇಸ್ ಗೇರಿಗೆ ಸಿಕಂದರಾಬಾದಿನ ರಾಣಿಗಂಜ್ ಅಥವಾ ಬೆಂಗಳೂರಿನ ಜೆ.ಸಿ. ರೋಡ್. ಹಳೆ ಪಾರ್ಟು ಕೈಲಿ ಹಿಡಿದೇ ಹೋಗಿ, ಫೋಟೊ ತೋರಿಸಿ ತಂದದ್ದು ಅರ್ಧಕ್ಕರ್ಧ ವಾಪಸ್ ಹೋಗುತ್ತದೆ.

ಬದಲಿಗೆ ಮಾರುತಿ ಜಿಪ್ಸಿ ನೋಡುವುದೇ ಅಂತ ಕೇಳುವವರಿಗೆ: 1985ರಲ್ಲಿ ಬಂದ 970 ಸಿಸಿ ಜಿಪ್ಸಿ ಹಗುರ, ಕೆಸರಿನಲ್ಲಿ ಎಂಎಂ 540ಕ್ಕಿಂತ ಚುರುಕು. ಆದರೆ ಪೆಟ್ರೋಲ್ ಖರ್ಚು ಹೆಚ್ಚು, ಅದರ ಕಾರ್ಬ್ಯುರೇಟರ್ ಪಳಗಿದ ಕೈ ಇಲ್ಲಿ ಕಡಿಮೆ. ಮಹೀಂದ್ರಾದ ಹಳೆ ಪೆಟ್ರೋಲ್ ಜೀಪು ಸಿಜೆ3ಬಿ ಮೇಲೆ ಕಣ್ಣಿದ್ದರೆ ಒಂದು ತಿಳಿದಿರಲಿ: 2021ರ ನಿಯಮದಂತೆ 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಗಾಡಿಗೆ ಮಾತ್ರ ವಿಂಟೇಜ್ ‘ವಿಎ’ ನಂಬರ್ ಸಿಗುತ್ತದೆ, ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆ ನಂಬರಿನ ಗಾಡಿ ಪ್ರದರ್ಶನ, ರ್‍ಯಾಲಿ, ರಿಪೇರಿ, ಇಂಧನಕ್ಕೆ ಬಿಟ್ಟು ದಿನದ ಓಡಾಟಕ್ಕೆ ರಸ್ತೆಗೆ ಇಳಿಯುವಂತಿಲ್ಲ. ದಿನಾ ಹೊಲಕ್ಕೆ ಹೋಗಿ ಬರುವ ಜೀಪು ಬೇಕಿದ್ದರೆ ಸಾದಾ ನಂಬರಿನ, ಆರ್‌ಸಿ ನವೀಕರಿಸಿದ ಎಂಎಂ 540 ತಗೊಳ್ಳಿ.