ಅರೇಯ ಒಂದೊಂದು ಅಂಶಕ್ಕೂ ಫಂಕ್ಷನ್: ಎಪಿಎಲ್, ಜೆ, ನಮ್‌ಪೈ, ಜೂಲಿಯಾದಲ್ಲಿ ಯಾವುದು?

ಎಪಿಎಲ್, ಜೆ, ಜೂಲಿಯಾ ಪ್ರೋಗ್ರಾಮಿಂಗ್ ಭಾಷೆಗಳು; ನಮ್‌ಪೈ ಪೈಥಾನ್ ಭಾಷೆಯ ಲೈಬ್ರರಿ. ಅರೇ ಅಂದರೆ ಸಾಲಾಗಿ ಇಲ್ಲವೇ ಟೇಬಲ್ ಆಗಿ ಜೋಡಿಸಿದ ಮೌಲ್ಯಗಳು. ಒಂದೇ ಅಳತೆಯ ಎರಡು ಅರೇ ಕೂಡಿಸೋದಾದರೆ ನಾಲ್ಕರಲ್ಲೂ ಲೂಪ್ (ಒಂದೊಂದೇ ಅಂಶಕ್ಕೆ ಮತ್ತೆ ಮತ್ತೆ ನಡೆಯುವ ಕೋಡ್) ಬರೆಯೋದು ಬೇಡ. ಅಳತೆ ಬೇರೆಯಾದಾಗಲೇ ನಿಜವಾದ ವ್ಯತ್ಯಾಸ ಕಾಣೋದು.

3 ಸಾಲು, 4 ಕಾಲಂ ಇರುವ ಟೇಬಲ್‌ಗೆ 3 ಸಂಖ್ಯೆಗಳ ಅರೇ ಕೂಡಿಸಿ ನೋಡಿ. ನಮ್‌ಪೈ ಕೊನೆಯ ಆಯಾಮದಿಂದ (ಇಲ್ಲಿ ಕಾಲಂ) ಹೊಂದಿಸುತ್ತದೆ, ಅಲ್ಲಿ 4 ಇದೆ, ಹಾಗಾಗಿ ಎರರ್. ಜೆ ಮೊದಲ ಆಯಾಮದಿಂದ (ಇಲ್ಲಿ ಸಾಲು) ನೋಡುತ್ತದೆ, ಸಾಲಿಗೊಂದು ಸಂಖ್ಯೆ ಆರಾಮಾಗಿ ಕೂಡುತ್ತದೆ. ಜೂಲಿಯಾದಲ್ಲೂ ಕೂಡುತ್ತದೆ, ಆದರೆ .+ ಅಂತ ಚುಕ್ಕಿ ಹಾಕಬೇಕು. ಎಪಿಎಲ್ ಸುಮ್ನೆ ಊಹಿಸೋದಿಲ್ಲ, ರ್‍ಯಾಂಕ್ ಆಪರೇಟರ್ (ಫಂಕ್ಷನ್ ಸಾಲಿಗೆ ಹಚ್ಚಬೇಕೋ ಒಂದೊಂದು ಸಂಖ್ಯೆಗೋ ಅಂತ ಹೇಳುವ ಚಿಹ್ನೆ) ಬಳಸಿ ನೀವೇ ಹೇಳಬೇಕು. ನನಗೆ ಜೆ ದಾರಿಯೇ ಸಹಜ ಅನಿಸುತ್ತದೆ.

ಅರೇ ಒಳಗೆ ಅರೇ ಇದ್ದರೆ ಎಪಿಎಲ್‌ಗೆ ಸಾಟಿ ಇಲ್ಲ. ಅದರ ಕೂಡುವ, ಗುಣಿಸುವ ಫಂಕ್ಷನ್‌ಗಳು ಎಷ್ಟೇ ಆಳ ಇದ್ದರೂ ತಾವಾಗಿ ಇಳಿದು ಪ್ರತಿ ಸಂಖ್ಯೆಯನ್ನೂ ಮುಟ್ಟುತ್ತವೆ. ಜೆಯಲ್ಲಿ ಒಳಗಿನ ಅರೇ ಬಾಕ್ಸ್ ಅನ್ನುವ ಡಬ್ಬಿಯಲ್ಲಿರುತ್ತದೆ, ಮೊದಲು ಅದನ್ನು ಬಿಚ್ಚಬೇಕು. ನಮ್‌ಪೈ ಆಬ್ಜೆಕ್ಟ್ ಅರೇಯಲ್ಲಿ (ಯಾವ ಪೈಥಾನ್ ವಸ್ತುವನ್ನಾದರೂ ಇಡಬಹುದಾದ ಅರೇ) ಪೈಥಾನ್ ಲಿಸ್ಟ್‌ಗಳಿದ್ದರೆ ಕೂಡೋದರ ಬದಲು ಒಂದರ ಹಿಂದೆ ಒಂದನ್ನು ಜೋಡಿಸಿಬಿಡುತ್ತದೆ!

ನಿಮ್ಮದೇ ಫಂಕ್ಷನ್ ಜಾಸ್ತಿ ಬರೆಯೋದಾದರೆ ಜೂಲಿಯಾ ತಗೊಳ್ಳಿ. ಯಾವ ಫಂಕ್ಷನ್ ಹೆಸರಿನ ನಂತರವಾದರೂ ಚುಕ್ಕಿ ಇಟ್ಟರೆ ಸಾಕು, ಒಂದರೊಳಗೊಂದು ಬಂದ ಚುಕ್ಕಿ ಕರೆಗಳೆಲ್ಲ ಒಂದೇ ಲೂಪ್ ಆಗಿ ಬೆರೆಯುತ್ತವೆ, ಮಧ್ಯೆ ತಾತ್ಕಾಲಿಕ ಅರೇಗಳು ಹುಟ್ಟೋದಿಲ್ಲ. ನಮ್‌ಪೈಯಲ್ಲಿ ಸಾಮಾನ್ಯವಾಗಿ ಹಂತಹಂತಕ್ಕೂ ಹುಟ್ಟುತ್ತವೆ. ನಿಮ್ಮ ಫಂಕ್ಷನ್ ಅನ್ನು ಪ್ರತಿ ಅಂಶಕ್ಕೂ ಹಚ್ಚುವ ಅದರ ವೆಕ್ಟರೈಸ್ ಸೌಲಭ್ಯದ ಹೆಸರು ನೋಡಿ ವೇಗ ಅಂದುಕೊಳ್ಳಬೇಡಿ, ಒಳಗಿರೋದು ಮಾಮೂಲಿ ಲೂಪ್. ಆದರೂ ಉಳಿದ ಕೆಲಸವೆಲ್ಲ ಪೈಥಾನ್‌ನಲ್ಲೇ ಇದ್ದರೆ ನಮ್‌ಪೈ ಬಿಟ್ಟು ಹೋಗಬೇಡಿ, ರೆಡಿ ಫಂಕ್ಷನ್‌ಗಳು ಸಿ ಭಾಷೆಯಲ್ಲಿ ಬರೆದವು, ವೇಗ ಚೆನ್ನಾಗಿದೆ.