ಗ್ಯಾರೇಜ್ ನೆಲಕ್ಕೆ ಪ್ಲಾಸ್ಟಿಕ್ ಚಾನಲ್ ಡ್ರೇನ್: ಸಾಮಾನು ಒಳ್ಳೆಯದು, ಸೆಟ್ ಮಾತ್ರ ಅರ್ಧ

ಒಂದೊಂದು ಮೀಟರಿನ ಮೂರು ತುಂಡು ಚಾನಲ್, ಒಳಗಲ 100 ಮಿ.ಮೀ., ಮೇಲೆ ಕೂರುವ ಜಾಲರಿ, ಎರಡು ಕೊನೆಮುಚ್ಚಳ, ಪೈಪ್ ಸೇರಿಸಲು ಒಂದು ಔಟ್‌ಲೆಟ್. ಮನೆಯ ಗ್ಯಾರೇಜಿಗೆಂದು ಮಾರುವ ಚಾನಲ್ ಡ್ರೇನ್ (ನೆಲದಲ್ಲಿ ಹುದುಗಿಸುವ ಉದ್ದ ಮೋರಿ) ಸೆಟ್‌ನಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟೇ. ಒಳಗೇ ಕಾರು ತೊಳೆಯುವವರಿಗೆ, ಮಳೆಯಲ್ಲಿ ನೆನೆದ ಗಾಡಿ ತಂದು ನಿಲ್ಲಿಸುವವರಿಗೆ ಇದು ಕೊಳ್ಳಬಹುದಾದ ಸಾಮಾನೇ. ಆದರೆ ಟ್ರ್ಯಾಪ್ (ನೀರು ನಿಲ್ಲಿಸಿಕೊಂಡು ಚರಂಡಿಯ ಗ್ಯಾಸ್ ತಡೆಯುವ ಭಾಗ) ಮತ್ತು ಮಣ್ಣು ಹಿಡಿಯುವ ಬುಟ್ಟಿ ಹೆಚ್ಚಿನ ಸೆಟ್‌ಗಳಲ್ಲಿ ಇರುವುದಿಲ್ಲ. ಅವೆರಡನ್ನೂ ಬೇರೆ ಕೊಳ್ಳಬೇಕೆಂದು ಮೊದಲೇ ಲೆಕ್ಕ ಹಾಕಿಕೊಳ್ಳಿ.

ನೆಲದ ನಡುವೆ ಕೂರಿಸುವ ಚೌಕ ಡ್ರೇನ್‌ಗಿಂತ ಇದು ಮೇಲು ಅನ್ನಲು ಕಾರಣ ವಾಟ, ಅಂದರೆ ನೀರು ಹರಿಯಲು ಕೊಡುವ ಇಳಿಜಾರು. ಚೌಕ ಡ್ರೇನ್‌ಗೆ ನಾಲ್ಕು ಕಡೆಯಿಂದಲೂ ವಾಟ ಕೊಡಬೇಕು. ಟೈಲ್ಸ್ ಹಾಕುವುದಾದರೆ ಮೂಲೆಯಿಂದ ಮೂಲೆಗೆ ಕತ್ತರಿಸಬೇಕು, ಗೋಡೆ ಪಕ್ಕದ ಕಪಾಟು ಎಂದೂ ನೆಟ್ಟಗೆ ನಿಲ್ಲುವುದಿಲ್ಲ. ಚಾನಲ್ ಬಾಗಿಲ ಒಳಬದಿಯಲ್ಲಿ ಅಡ್ಡಲಾಗಿ ಬಂದರೆ ಒಂದೇ ದಿಕ್ಕಿನ ವಾಟ ಸಾಕು. ಮೀಟರಿಗೆ 10 ಮಿ.ಮೀ. ಇಟ್ಟರೆ 6 ಮೀಟರ್ ಆಳದ ಗ್ಯಾರೇಜಿನಲ್ಲಿ ಹಿಂಗೋಡೆಯಿಂದ ಬಾಗಿಲಿಗೆ 60 ಮಿ.ಮೀ. ಇಳಿತ. ಇದಕ್ಕಿಂತ ಕಡಿಮೆಯಾದರೆ ನೀರು ಅಲ್ಲಲ್ಲಿ ನಿಲ್ಲುತ್ತದೆ. ಇಮ್ಮಡಿಯಾದರೆ ಚಕ್ರವಿರುವ ಟೂಲ್ ಟ್ರಾಲಿ ತಾನಾಗಿ ಉರುಳುತ್ತದೆ, ಜಾಕ್ ಇಡುವಾಗಲೂ ಭಯ.

ಜಾಲರಿಯ ವಿಷಯದಲ್ಲಿ ರಾಜಿ ಬೇಡ. ಚಾನಲ್ ಡ್ರೇನ್‌ಗಳ ಯುರೋಪಿಯನ್ ಮಾನದಂಡ ಇಎನ್ 1433ರಲ್ಲಿ ಎ15 ದರ್ಜೆ ಇರುವುದು ನಡೆದಾಡುವ, ಸೈಕಲ್ ಓಡಾಡುವ ಜಾಗಕ್ಕೆ. ಕಾರು ನಿಲ್ಲುವಲ್ಲಿಗೆ ಬಿ125. ಕಡಿಮೆ ಬೆಲೆಯ ಸೆಟ್‌ಗಳಲ್ಲಿ ಬರುವುದು ಹೆಚ್ಚಾಗಿ ಎ15. ಕಾರು ನಿಂತಲ್ಲೇ ನಿಂತರೆ ಅದು ತಡೆದೀತು. ಸ್ಟೀರಿಂಗ್ ತಿರುಗಿಸಿದಾಗ ಟೈರು ಜಾಲರಿಯನ್ನು ಪಕ್ಕಕ್ಕೆ ಒತ್ತುತ್ತದೆ, ತೆಳು ತಗಡು ಬಾಗಿ ಪ್ರತಿಸಲವೂ ಕಟಕಟ ಎನ್ನಲು ಶುರುವಾಗುತ್ತದೆ. ಪ್ಲಾಸ್ಟಿಕ್ ಜಾಲರಿಯಂತೂ ಬೇಡವೇ ಬೇಡ, ಗ್ರೈಂಡರ್ ಕಿಡಿ ಬಿದ್ದಲ್ಲೆಲ್ಲ ತೂತಾಗುತ್ತದೆ. ಎರಕದ ಕಬ್ಬಿಣದ ಜಾಲರಿ, ಸ್ಟೇನ್‌ಲೆಸ್ ಬೋಲ್ಟ್ ಇರುವ ಸೆಟ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಯಾವುದೇ ಜಾಲರಿಯಿರಲಿ, ಅದರ ಮೇಲೆ ಜಾಕ್ ಇಡಬಾರದು.

ಇನ್ನು ಚಾನಲ್. ಗ್ಯಾರೇಜಿನಲ್ಲಿ ನೀರಿನ ಪ್ರಮಾಣ ಸಮಸ್ಯೆಯೇ ಅಲ್ಲ. ತೋಟದ ಪೈಪಿನಿಂದ ನಿಮಿಷಕ್ಕೆ 15–20 ಲೀಟರ್ ಬಂದೀತು, ಔಟ್‌ಲೆಟ್‌ಗೆ ಸೇರಿಸುವ 110 ಮಿ.ಮೀ. ಪೈಪ್ ಅದರ ಹಲವು ಪಟ್ಟು ಎಳೆಯುತ್ತದೆ. ತೊಂದರೆ ಕೊಡುವುದು ಮರಳು, ಕೆಸರು. ಚಪ್ಪಟೆ ತಳದ ಚಾನಲ್‌ನಲ್ಲಿ ಸ್ವಲ್ಪ ನೀರು ಹರಡಿಕೊಂಡು ನಿಧಾನವಾಗುತ್ತದೆ, ಮರಳು ಅಲ್ಲೇ ಕೂರುತ್ತದೆ. ತಳ ಕಿರಿದಾಗಿ ದುಂಡಗಿದ್ದರೆ ಅದೇ ನೀರು ಮರಳನ್ನು ತಳ್ಳಿಕೊಂಡು ಹೋಗುತ್ತದೆ. ಎರಡು ತುಂಡು ಸೇರುವ ಕೀಲಿನ ಒಳಗೆ ಬೆರಳಾಡಿಸಿ ನೋಡಿ: ಒಂದು ಮಿಲಿಮೀಟರ್ ಅಂಚು ಎದ್ದಿದ್ದರೂ ಅದರ ಹಿಂದೆ ಮರಳಿನ ಪುಟ್ಟ ಒಡ್ಡು ಕಟ್ಟಿಕೊಳ್ಳುತ್ತದೆ, ಆಮೇಲೆ ಎಣ್ಣೆ ಜಿಡ್ಡು ಅದನ್ನು ಗಟ್ಟಿ ಮಾಡುತ್ತದೆ. ಮೂರು ಮೀಟರಿಗಿಂತ ಉದ್ದವಿದ್ದರೆ ತಳದಲ್ಲೇ ವಾಟ ಇರುವ ತುಂಡುಗಳನ್ನು ಕೊಳ್ಳಿ. ಅವುಗಳ ಮೇಲಿನ ಸಂಖ್ಯೆ, ಬಾಣದ ಗುರುತು ತಪ್ಪಿಸಿ ಜೋಡಿಸಿದರೆ ನೀರು ಹಿಂದಕ್ಕೆ ನಿಲ್ಲುತ್ತದೆ.

ಕ್ಲಿಪ್ ಹಾಕಿದರೆ ಕೀಲು ನೀರು ಬಿಡದು ಎಂದು ನಂಬಬೇಡಿ. ಸೋರಿದ ನೀರು ಅಡಿಯ ಮಣ್ಣನ್ನು ಕೊಚ್ಚಿ ನೆಲ ಕುಸಿಯುವಂತೆ ಮಾಡುತ್ತದೆ. ಚಾನಲ್ ಪಿವಿಸಿಯದಾದರೆ ಸಾಲ್ವೆಂಟ್ ಸಿಮೆಂಟ್ (ಪಿವಿಸಿ ಪೈಪ್ ಅಂಟಿಸುವ ಅಂಟು) ಹಿಡಿಯುತ್ತದೆ. ಪಾಲಿಪ್ರೊಪಿಲೀನ್, ಪಾಲಿಥಿಲೀನ್ ಆದರೆ ಅದೂ ಹಿಡಿಯದು, ಮಾಮೂಲಿ ಸಿಲಿಕೋನ್ ಕೂಡ ಕೆಲ ದಿನಕ್ಕೆ ಸಿಪ್ಪೆಯಂತೆ ಏಳುತ್ತದೆ. ತಯಾರಕರು ಹೇಳಿದ ಸೀಲಂಟನ್ನೇ ಹಚ್ಚಬೇಕು. ಕಾಂಕ್ರೀಟ್ ಸುರಿಯುವ ಮೊದಲು ಔಟ್‌ಲೆಟ್ ಮುಚ್ಚಿ, ಚಾನಲ್ ತುಂಬ ನೀರು ನಿಲ್ಲಿಸಿ, ಒಂದು ಗಂಟೆ ಬಿಟ್ಟು ಕೀಲುಗಳ ಅಡಿ ಕೈಯಾಡಿಸಿ.

ಕೂರಿಸುವಾಗ ಹೊರಗಲಕ್ಕೆ ಎರಡೂ ಬದಿ 100 ಮಿ.ಮೀ., ಎತ್ತರಕ್ಕೆ ಅಡಿಯಲ್ಲಿ 100 ಮಿ.ಮೀ. ಸೇರಿಸಿ ಗುಂಡಿ ತೆಗೆಯಿರಿ. 130 ಮಿ.ಮೀ. ಹೊರಗಲದ ಚಾನಲ್‌ಗೆ 330 ಬೇಕು, 350 ಕತ್ತರಿಸಿದರೆ ಕೈಯಾಡುತ್ತದೆ. ಹಳೆಯ ನೆಲವಾದರೆ ಡೈಮಂಡ್ ಬ್ಲೇಡಿನಲ್ಲಿ ನೀರು ಬಿಡುತ್ತ ಕತ್ತರಿಸಿ. ಸ್ಲ್ಯಾಬ್ ಒಳಗೆ ಬಿಗಿದ ಕೇಬಲ್ ಇರುವ ಪೋಸ್ಟ್ ಟೆನ್ಷನ್ ಕಟ್ಟಡವಾದರೆ ಬ್ಲೇಡ್ ಇಡಲೇಬೇಡಿ, ಮೊದಲು ಎಂಜಿನಿಯರನ್ನು ಕರೆಸಿ. ಜಾಲರಿಯ ಮೇಲ್ಮೈ ನೆಲಕ್ಕಿಂತ 3 ಮಿ.ಮೀ. ತಗ್ಗಿರಬೇಕು. ಆ ಲೆಕ್ಕ ಟೈಲ್ಸ್, ಅದರಡಿಯ ಗಾರೆ ಎಲ್ಲ ಸೇರಿದ ಮೇಲಿನ ಮಟ್ಟದಿಂದ. ದಾರ ಬಿಗಿದು, ರಸಮಟ್ಟ ಇಟ್ಟು ಪ್ರತಿ ತುಂಡನ್ನೂ ನೋಡಿ.

ಕೆಲಸ ಕೆಡುವುದು ಸುರಿಯುವ ಹೊತ್ತಿನಲ್ಲಿ. ಹಸಿ ಕಾಂಕ್ರೀಟಿನಲ್ಲಿ ಹಗುರ ಚಾನಲ್ ತೇಲಿ ಮೇಲೇಳುತ್ತದೆ. ಪಕ್ಕದ ಕಿವಿಗಳಿಗೆ ಕಬ್ಬಿಣದ ಸರಳು ಹೊಡೆದು ಕಟ್ಟಿ, ಎರಡೂ ಬದಿಗೆ ಸಮನಾಗಿ ಸುರಿಯಿರಿ. ಜಾಲರಿಗೆ ಟೇಪ್ ಸುತ್ತಿ ಅದರ ಜಾಗದಲ್ಲೇ ಕೂರಿಸಿರಿ. ತೆಗೆದಿಟ್ಟರೆ ಕಾಂಕ್ರೀಟಿನ ಒತ್ತಡಕ್ಕೆ ಗೋಡೆಗಳು ಒಳಕ್ಕೆ ಬಾಗುತ್ತವೆ, ಆಮೇಲೆ ಜಾಲರಿ ಒಳಗಿಳಿಯದು. ಕನಿಷ್ಠ 7 ದಿನ ಕ್ಯೂರಿಂಗ್ ಮಾಡಿ, ಅಲ್ಲಿಯವರೆಗೆ ಕಾರು ಹತ್ತಿಸಬೇಡಿ.

ಟ್ರ್ಯಾಪ್ ಯಾಕೆ ಇಷ್ಟು ಮುಖ್ಯ? ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲಕ್ಕಿಳಿದು ಚಾನಲ್‌ನಲ್ಲೇ ಸೇರುತ್ತದೆ. 50 ಮಿ.ಮೀ. ನೀರಿನ ತಡೆ ಇದ್ದರೆ ಅದು ಚರಂಡಿಯತ್ತ ಹೋಗದು, ಚರಂಡಿಯ ಗ್ಯಾಸ್ ಮನೆಯತ್ತ ಬಾರದು. ತಿಂಗಳುಗಟ್ಟಲೆ ನೀರು ಬೀಳದ ಗ್ಯಾರೇಜಿನಲ್ಲಿ ಆ ನೀರು ಆರಿಹೋಗುತ್ತದೆ. ಎರಡು ವಾರಕ್ಕೊಮ್ಮೆ ಒಂದು ಬಕೆಟ್ ಸುರಿಯಿರಿ. ಎಣ್ಣೆ ಬೆರೆತ ನೀರನ್ನು ಮಳೆನೀರಿನ ಚರಂಡಿಗೆ ಬಿಡುವುದಕ್ಕೆ ಹಲವೆಡೆ ನಿಷೇಧವಿದೆ, ಕೆಲವೆಡೆ ಎಣ್ಣೆ ಬೇರ್ಪಡಿಸುವ ಚೇಂಬರ್ ಕಡ್ಡಾಯ. ಸ್ಥಳೀಯ ಆಡಳಿತದ ಅನುಮತಿ ಕೇಳಿಯೇ ನೆಲ ಒಡೆಯಿರಿ.

ವೆಲ್ಡಿಂಗ್ ಮಾಡುವವರಿಗೆ, ಭಾರದ ಗಾಡಿ ಇರುವವರಿಗೆ ಪಾಲಿಮರ್ ಕಾಂಕ್ರೀಟ್ (ಸಿಮೆಂಟ್ ಬದಲು ರಾಳ ಬೆರೆಸಿದ ಕಾಂಕ್ರೀಟ್) ಚಾನಲ್ ಒಳ್ಳೆಯದು. ಹೊರಲು ಇಬ್ಬರು ಬೇಕು, ಆದರೆ ಅದು ಬಿಸಿಗೆ ಹಿಗ್ಗುವುದು ಹೆಚ್ಚುಕಡಿಮೆ ಸುತ್ತಲ ಕಾಂಕ್ರೀಟಿನಷ್ಟೇ. ಪಿವಿಸಿ ಅದರ ಹಲವು ಪಟ್ಟು ಹಿಗ್ಗುತ್ತದೆ, ಅಂಚಿನ ಬಿರುಕು ಬರುವುದೇ ಅಲ್ಲಿಂದ. ಇನ್ನು ಕಾರನ್ನು ಹೊರಗೇ ತೊಳೆಯುವವರು, ಗ್ಯಾರೇಜಿಗೆ ಹೊಸ ನೆಲ ಹಾಕಿಸುತ್ತಿದ್ದರೆ, ಈ ಸೆಟ್ ಕೊಳ್ಳುವುದೇ ಬೇಡ. ಬಾಗಿಲ ಕಡೆಗೆ ಸರಿಯಾದ ವಾಟ ಕೊಡಿಸಿದರೆ ನೀರು ತಾನೇ ಹೊರಗೆ ಹೋಗುತ್ತದೆ.