ಕೆರೆಗೆ ಹಳೇ ದೋಣಿ: ರಾಫ್ಟ್, ಕಯಾಕ್, ಫೈಬರ್ ಮೂರನ್ನೂ ಬಳಸಿ ನೋಡಿದ ಮೇಲೆ

ನಮ್ಮ ತೋಟ ಕೊಡಗಿನ ಸಿದ್ದಾಪುರದ ಕಡೆ. ಮನೆಯಿಂದ ಐದು ನಿಮಿಷ ಇಳಿದರೆ ಒಂದೂವರೆ ಎಕರೆ ಕೆರೆ. ಕಾಫಿಗೆ ಸ್ಪ್ರಿಂಕ್ಲರ್ ಹೊಡೆಯಲು ಅಪ್ಪ ತೋಡಿಸಿದ್ದು. ಅದರಲ್ಲಿ ದೋಣಿ ಬಿಡಬೇಕು ಅಂತ ಮಗಳು ಹಟ ಹಿಡಿದಳು. ಹೊಸದರ ಬೆಲೆ ಕೇಳಿ ಹಳೇದನ್ನೇ ಹುಡುಕಿದೆ. ಆರು ವರ್ಷದಲ್ಲಿ ಮೂರು ಕೊಂಡೆ, ಎರಡು ಮಾರಿದೆ. ಮೂರೂ ಬೇರೆ ಬೇರೆ ಜಾತಿಯವು. ಗಾಳಿ ತುಂಬುವ ರಾಫ್ಟ್, ಕಿರಿದಾಗಿ ಉದ್ದಕ್ಕಿರುವ ಪ್ಲಾಸ್ಟಿಕ್ ಕಯಾಕ್, ಫೈಬರ್ ದೋಣಿ.

ಮೊದಲೇ ಒಂದು ಮಾತು. ಕೊಡಗಿನಲ್ಲಿ ಇಂಥ ದೋಣಿ ನೀರಿನ ಮೇಲೆ ಇರುವುದು ವರ್ಷಕ್ಕೆ ಮೂವತ್ತು, ನಲವತ್ತು ದಿನ. ಉಳಿದ ದಿನವೆಲ್ಲ ಶೆಡ್‌ನಲ್ಲಿ. ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರು ನಮ್ಮದು. ಹಾಗಾಗಿ ನೀರಿನಲ್ಲಿ ಹೇಗೆ ಓಡುತ್ತೆ ಅನ್ನುವುದಕ್ಕಿಂತ ಮಳೆಗಾಲವನ್ನು ಹೇಗೆ ಕಳೆಯುತ್ತೆ ಅಂತ ನೋಡಬೇಕು. ನನಗೆ ಇದು ಗೊತ್ತಾಗಿದ್ದು ರಾಫ್ಟ್ ಕೊಂಡ ಮೇಲೆ.

ರಾಫ್ಟ್ ಬಂದದ್ದು ದಕ್ಷಿಣ ಕೊಡಗಿನಿಂದ. ಬರಪೊಳೆ ನದಿಯಲ್ಲಿ ಮಳೆಗಾಲದಲ್ಲಿ ರಾಫ್ಟಿಂಗ್ ನಡೆಯುತ್ತದಲ್ಲ, ಅಲ್ಲಿ ಕೆಲವು ಸೀಸನ್ ಓಡಿದ 12 ಅಡಿಯ ದೋಣಿ. 32,000 ಕೊಟ್ಟೆ. ಮಾರಿದವರು ಹೈಪಲಾನ್, ಅಂದರೆ ಒಂದು ಬಗೆಯ ರಬ್ಬರ್ ಲೇಪಿಸಿದ ಬಟ್ಟೆ, ಅಂದಿದ್ದರು. ಮನೆಗೆ ತಂದು ನೋಡಿದರೆ ಪಿವಿಸಿ ಪ್ಲಾಸ್ಟಿಕ್. ಹೈಪಲಾನ್ ಮುಟ್ಟಿದರೆ ರಬ್ಬರಿನ ಹಾಗೆ ಮಂಕಾಗಿರುತ್ತದೆ, ಪಿವಿಸಿ ನುಣುಪು, ಹೊಳಪು. ಹೈಪಲಾನ್ ಅನ್ನುವುದು ಆ ರಬ್ಬರಿಗೆ ಡುಪಾಂಟ್ ಕಂಪನಿ ಇಟ್ಟ ಹೆಸರು, ಅವರು ಅದರ ತಯಾರಿಕೆಯನ್ನು 2010ರಲ್ಲೇ ನಿಲ್ಲಿಸಿದರು. ಈಗ ಅದೇ ಬಗೆಯ ರಬ್ಬರಿನ ಬಟ್ಟೆಯನ್ನು ಬೇರೆಯವರು ಮಾಡುತ್ತಾರೆ, ಜನ ಹಳೇ ಹೆಸರಿನಲ್ಲೇ ಕರೆಯುತ್ತಾರೆ. ಹೆಸರು ಕೇಳಿ ಕೊಳ್ಳಬೇಡಿ, ಕೈಯಲ್ಲಿ ಮುಟ್ಟಿ ಕೊಳ್ಳಿ.

ತಂದ ಸಂಜೆ ಕಾಫಿ ಒಣಗಿಸುವ ಕಣದ ಮೇಲೆ ಹಾಸಿ ಗಾಳಿ ತುಂಬಿದೆ. ಬೆಳಿಗ್ಗೆ ನೋಡಿದರೆ ಎಲ್ಲಾ ಕಡೆ ಮೆತ್ತಗೆ. ಹೊಟ್ಟೆ ಉರಿದುಹೋಯಿತು. ಆದರೆ ಹತ್ತು ಗಂಟೆಯ ಬಿಸಿಲು ಬೀಳುತ್ತಿದ್ದ ಹಾಗೆ ಒಂದೊಂದೇ ಟ್ಯೂಬ್ ತಾನಾಗಿ ಬಿಗಿಯಾಯಿತು. ರಾತ್ರಿ ಚಳಿಗೆ ಒಳಗಿನ ಗಾಳಿ ಕುಗ್ಗಿರುತ್ತದೆ, ಅದು ತೂತಲ್ಲ. ಬಿಸಿಲು ಬಂದ ಮೇಲೂ ಎಡಗಡೆಯ ಒಂದು ಟ್ಯೂಬ್ ಮಾತ್ರ ಮೆತ್ತಗೇ ಉಳಿಯಿತು. ಸೋಪಿನ ನೀರು ಸವರಿದೆ. ಹಳೇ ಪ್ಯಾಚಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಎದ್ದವು. ಹಾಗಾಗಿ ರಾಫ್ಟ್ ಕೊಳ್ಳುವವರು ಒಂದು ರಾತ್ರಿ, ಮರುದಿನ ಅರ್ಧ ಹಗಲು ನೋಡಿ ದುಡ್ಡು ಕೊಡಿ. ಬಿಸಿಲಲ್ಲಿ ಇಟ್ಟರೆ ಸ್ವಲ್ಪ ಗಾಳಿ ಬಿಡುವುದನ್ನೂ ಮರೆಯಬೇಡಿ, ಜಾಸ್ತಿ ಬಿಗಿದರೆ ಅಂಟು ಬಿಡುತ್ತದೆ.

ರಾಫ್ಟಿನ ದೊಡ್ಡ ಗುಣ ಅಂದರೆ ಮಗುಚುವ ಭಯ ಇಲ್ಲ. ಆರು ಮಕ್ಕಳು ಒಂದೇ ಕಡೆ ಬಾಗಿದರೂ ಅಲುಗಲಿಲ್ಲ. ಆದರೆ ಅದು ಹರಿಯುವ ನೀರಿಗೆ ಮಾಡಿದ್ದು. ನಿಂತ ಕೆರೆಯಲ್ಲಿ ಹುಟ್ಟು ಹಾಕಿ ಹಾಕಿ ತೋಳು ಸೋಲುತ್ತದೆ, ಸ್ವಲ್ಪ ಗಾಳಿ ಬೀಸಿದರೂ ದಡಕ್ಕೆ ತಳ್ಳುತ್ತದೆ. ಇನ್ನು ಮಳೆಗಾಲದ ಕಥೆ. ಒಳಗೆ ಸ್ವಲ್ಪ ತೇವ ಇದ್ದಾಗ ಸುತ್ತಿ ಗೋಡೌನಿನಲ್ಲಿ ಇಟ್ಟಿದ್ದೆ. ಆಗಸ್ಟ್‌ನಲ್ಲಿ ಬಿಚ್ಚಿದರೆ ಬೂಸ್ಟು ಹಿಡಿದಿದೆ, ನೆಲದ ಜೋಡಣೆ ಒಂದು ಗೇಣು ಬಿಟ್ಟಿದೆ, ಮೂಲೆಯಲ್ಲಿ ಇಲಿ ಕಡಿದಿದೆ. ಅಂಟಿಸೋಣ ಅಂದರೆ ಆ ತೇವದ ಗಾಳಿಯಲ್ಲಿ ಅಂಟು ಹಿಡಿಯುವುದೇ ಇಲ್ಲ. ನವೆಂಬರ್‌ವರೆಗೆ ಕಾದೆ. ರಿಪೇರಿಗೆ ಒಟ್ಟು 6,500 ಹೋಯಿತು. ಎರಡು ವರ್ಷಕ್ಕೆ 15,000ಕ್ಕೆ ಮಾರಿದೆ.

2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಲಿಹುದಿಕೇರಿಯ ಮನೆಗಳಿಗೆ ನೀರು ನುಗ್ಗಿದ್ದು ನಮ್ಮ ಕಡೆ ಯಾರೂ ಮರೆತಿಲ್ಲ. ಆಪತ್ತಿಗೆ ಇರಲಿ ಅಂತ ರಾಫ್ಟ್ ಕೇಳುವವರು ಈಗಲೂ ಇದ್ದಾರೆ. ಅವರಿಗೆ ನಾನು ಕೈಮುಗಿದು ಹೇಳುವುದು ಇಷ್ಟೇ: ಕೆರೆಯಲ್ಲಿ ಹುಟ್ಟು ಹಾಕಿದ ಅನುಭವ ನೆಚ್ಚಿಕೊಂಡು ಉಕ್ಕಿದ ಹೊಳೆಗೆ ಇಳಿಯಬೇಡಿ. ಅದು ತರಬೇತಿ ಆದವರ ಕೆಲಸ.

ಎರಡನೆಯದು ಕಯಾಕ್. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕಾರಿನ ಪಕ್ಕ ನಿಂತೇ ಇದ್ದದ್ದು. ಮೇಲೆ ಕೂರುವ ಬಗೆ, ಇಬ್ಬರಿಗೆ ಆಗುತ್ತದೆ. 19,000. ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕನ್ನು ಹೇಗೆ ಪ್ಲಾಸ್ಟಿಕ್ ಪುಡಿ ಬಿಸಿ ಮಾಡಿ ಅಚ್ಚಿನಲ್ಲಿ ತಿರುಗಿಸಿ ಮಾಡುತ್ತಾರೋ ಇದನ್ನೂ ಹಾಗೇ ಮಾಡುವುದು. ಒಂದೇ ತುಂಡು, ಜೋಡಣೆ ಇಲ್ಲ. ಬೂಸ್ಟು ಬಂದರೆ ಒರೆಸಿದರಾಯಿತು. ಇಲಿಯೂ ನಮ್ಮಲ್ಲಿ ಇದನ್ನು ಮುಟ್ಟಲಿಲ್ಲ. ಇಬ್ಬರು ಸೇರಿ ಹೊತ್ತುಕೊಂಡು ಹೋಗಿ ನೀರಿಗೆ ಬಿಟ್ಟರೆ ಮುಗಿಯಿತು. ಪಂಪ್ ಬೇಡ, ಒಣಗಿಸುವ ಕೆಲಸ ಇಲ್ಲ. ನಮ್ಮ ಮನೆಯಲ್ಲಿ ಜಾಸ್ತಿ ನೀರು ಕಂಡ ದೋಣಿ ಇದೇ. ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಅರ್ಧ ಗಂಟೆ ಹೋಗಿ ಬರಬಹುದಿತ್ತು, ಅಷ್ಟು ಸುಲಭ.

ನೋಡಬೇಕಾದ್ದು ಬುಡ. ಜನ ನೆಲದ ಮೇಲೆ ಎಳೆದೇ ಎಳೆಯುತ್ತಾರೆ, ಹಿಂದಿನ ಮೂಲೆ ಸವೆದಿರುತ್ತದೆ. ಆಮೇಲೆ ನೀರು ಇಳಿಯುವ ತೂತುಗಳು ಇರುತ್ತವಲ್ಲ, ಅದರ ಒಳಗೆ ಬೆರಳು ಹಾಕಿ ಸುತ್ತಲೂ ಸವರಿ. ನನ್ನದು ಬಿರುಕು ಬಿಟ್ಟಿದ್ದು ಅಲ್ಲೇ. ಎರಡು ಬಗೆಯ ಅಂಟು ಹಾಕಿದೆ, ಎರಡೂ ಒಣಗಿದ ಹಪ್ಪಳದ ಹಾಗೆ ಎದ್ದು ಬಂದವು. ಈ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯುವುದಿಲ್ಲ, ಅದೇ ಜಾತಿಯ ಕಡ್ಡಿ ಕರಗಿಸಿ ಬೆಸೆಯಬೇಕು. ಕೊನೆಗೆ ನೀರಿನ ಟ್ಯಾಂಕ್ ರಿಪೇರಿ ಮಾಡುವವರು ಕುಶಾಲನಗರದಲ್ಲಿ ಸಿಕ್ಕಿದರು, ಇಪ್ಪತ್ತು ನಿಮಿಷದಲ್ಲಿ ಮುಗಿಸಿದರು. ಕೊಳ್ಳುವ ಮೊದಲು ಕಯಾಕನ್ನು ಎತ್ತಿ ಅಲ್ಲಾಡಿಸಿ. ಒಳಗೆ ನೀರಿನ ಸದ್ದು ಬಂದರೆ ಎಲ್ಲೋ ಬಾಯಿ ಬಿಟ್ಟಿರಬಹುದು. ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದು ಬಣ್ಣ ಬಿಳಚಿಕೊಂಡಿದ್ದರೆ ಸುಮ್ನೆ ಬಿಟ್ಟುಬಿಡಿ, ಅದು ಗಡುಸಾಗಿ ಒಡೆಯುತ್ತದೆ.

ಮೂರು ವರ್ಷ ಇಟ್ಟುಕೊಂಡು 17,000ಕ್ಕೆ ಮಾರಿದೆ. ನಾಲ್ಕೇ ದಿನದಲ್ಲಿ ಹೋಯಿತು. ಲೆಕ್ಕದಲ್ಲಿ ಇದನ್ನು ಯಾವುದೂ ಮೀರಿಸುವುದಿಲ್ಲ.

ಹಾಗಿದ್ದರೂ ಮನೆಯಲ್ಲಿ ಉಳಿದಿರುವುದು ಮೂರನೆಯದು, 11 ಅಡಿಯ ಫೈಬರ್ ದೋಣಿ. ಕರಾವಳಿಯಿಂದ ಪಿಕಪ್‌ನಲ್ಲಿ ಸಂಪಾಜೆ ಘಾಟಿ ಹತ್ತಿಸಿ ತಂದೆ. ದೋಣಿಗೆ 26,000, ಸಾಗಣೆಗೆ 7,000, ರಿಪೇರಿಗೆ 11,000. ಮೂರರಲ್ಲಿ ಇದೇ ದುಬಾರಿ, ಭಾರವೂ ಇದೇ.

ಫೈಬರ್ ಪರೀಕ್ಷೆಗೆ ಒಂದು ನಾಣ್ಯ ಸಾಕು. ಐದು ರೂಪಾಯಿ ಹಿಡಿದು ಅಂಗುಲ ಅಂಗುಲಕ್ಕೆ ತಟ್ಟುತ್ತಾ ಹೋಗಿ. ಚೆನ್ನಾಗಿದ್ದ ಕಡೆ ಟಕ್ ಟಕ್ ಅಂತ ಗಟ್ಟಿ ಸದ್ದು. ಪದರ ಬಿಟ್ಟಿದ್ದರೆ, ಒಳಗಿನ ಮರ ಕೊಳೆತಿದ್ದರೆ ಹಲಸಿನ ಹಣ್ಣು ತಟ್ಟಿದ ಹಾಗೆ ಡಬ್ ಅನ್ನುತ್ತದೆ. ನನ್ನದರಲ್ಲಿ ಹಿಂಬದಿಯ ಹಲಗೆ ಪೂರ್ತಿ ಡಬ್ ಅಂದಿತ್ತು, ಅದನ್ನು ತೋರಿಸಿ ಬೆಲೆ ಇಳಿಸಿದೆ. ಗೊತ್ತಾಗದೇ ಹೋದದ್ದು ದೋಣಿ ಮುಳುಗದಿರಲಿ ಅಂತ ಸೀಟಿನ ಕೆಳಗೆ ತುಂಬಿರುವ ಫೋಮ್. ನಾಲ್ಕು ಜನ ಎತ್ತಬೇಕಾದ ದೋಣಿಗೆ ಆರು ಜನ ಬೇಕಾಯಿತು. ಫೈಬರ್ ಕೆಲಸದವರು ಬಂದು ಸೀಟು ಕೊರೆದು, “ಸಾರ್, ಇದು ಒಳಗೆ ನೀರು ಕುಡಿದಿದೆ” ಅಂದರು. ಕೈ ಹಾಕಿ ತೆಗೆದ ಫೋಮನ್ನು ಹಿಂಡಿದರೆ ಇಡ್ಲಿ ಬಟ್ಟೆ ಹಿಂಡಿದ ಹಾಗೆ ನೀರು ಸುರಿಯಿತು. ದೋಣಿಯ ಅಳತೆಗೆ ಮೀರಿ ಭಾರ ಇದ್ದರೆ ಮೊದಲು ಫೋಮಿನ ಮೇಲೆ ಅನುಮಾನ ಪಡಿ.

ಆದರೆ ರಿಪೇರಿ ನಮ್ಮ ಊರಲ್ಲೇ ಆಗುತ್ತದೆ, ಅದೇ ಫೈಬರಿನ ಬಲ. ಗಾಜಿನ ನಾರಿನ ಮ್ಯಾಟಿಗೆ ರೆಸಿನ್ ಅನ್ನುವ ಅಂಟು ಸವರಿ ಪದರ ಕಟ್ಟುವ ಕೆಲಸ ಬಸ್ಸಿನ ಬಂಪರ್ ಕಟ್ಟುವವರಿಗೂ ಗೊತ್ತು. ಕೆಟ್ಟದ್ದನ್ನು ಉಜ್ಜಿ ತೆಗೆದು, ಎರಡು ವಾರ ಚೆನ್ನಾಗಿ ಒಣಗಿಸಿ, ಆಮೇಲೆ ಪದರ ಕೂರಿಸಬೇಕು. ಈ ಕೆಲಸಕ್ಕೆ ಫೆಬ್ರವರಿ, ಮಾರ್ಚ್ ಸರಿ. ಡಿಸೆಂಬರ್ ಚಳಿಯಲ್ಲಿ ರೆಸಿನ್ ಬೇಗ ಗಟ್ಟಿಯಾಗುವುದಿಲ್ಲ ಅಂತ ಹಾರ್ಡ್‌ನರ್ ಜಾಸ್ತಿ ಸುರಿಯುತ್ತಾರೆ, ಆಗ ಬಿರುಕು ಬಿಡುತ್ತದೆ. ಮಳೆಗಾಲಕ್ಕೆ ಬೋರಲು ಹಾಕಿ ಕಲ್ಲಿನ ಮೇಲೆ ಎತ್ತರಿಸಿ ಇಟ್ಟರೆ ಅಷ್ಟೇ. ಮೂರು ಮಳೆಗಾಲ ಕಳೆದಿದೆ, ಏನೂ ಆಗಿಲ್ಲ. ಕೆರೆ ದಡದಲ್ಲಿ ಮಾತ್ರ ಬಿಡುವುದಿಲ್ಲ, ನಮ್ಮಲ್ಲಿ ರಾತ್ರಿ ಆನೆ ನೀರಿಗೆ ಬರುತ್ತದೆ.

ಇನ್ನೊಂದು ಕಾರಣ ಅಮ್ಮ. ಅವರಿಗೆ 76. ರಾಫ್ಟಿನ ಟ್ಯೂಬ್ ಹತ್ತಿ ದಾಟಲು ಆಗುತ್ತಿರಲಿಲ್ಲ, ಕಯಾಕಿನಲ್ಲಿ ಕಾಲು ಚಾಚಿ ಕೂರಲು ಮಂಡಿ ಬಿಡುತ್ತಿರಲಿಲ್ಲ. ಫೈಬರ್ ದೋಣಿಯಲ್ಲಿ ಹಲಗೆ ಇದೆ, ಕುರ್ಚಿಯ ಹಾಗೆ ಕೂರಬಹುದು. ಮೊದಲ ದಿನ ಮಗಳು ಹುಟ್ಟು ಹಾಕಿದಳು, ಅಮ್ಮ ಎರಡೂ ಕೈಯಲ್ಲಿ ಅಂಚು ಹಿಡಿದು ಕೆರೆಯ ಆಚೆ ದಡಕ್ಕೆ ಹೋದರು. ಅಪ್ಪ ನೆಟ್ಟ ನೇರಳೆ ಮರವನ್ನು ನೀರಿನ ಕಡೆಯಿಂದ ನೋಡಿದ್ದು ಅವತ್ತೇ ಮೊದಲು.

ಹರಿಗೋಲನ್ನು ಒಂದು ಸೀಸನ್ ಸಾಲ ತಂದು ನೋಡಿದ್ದೆ. ಅಗ್ಗ, ಚಂದ. ಆದರೆ ಹುಟ್ಟು ಹಾಕಲು ಬಾರದವರ ಕೈಯಲ್ಲಿ ಇದ್ದಲ್ಲೇ ಸುತ್ತುತ್ತದೆ, ಬಿದಿರಿಗೆ ಹುಳ ಬೀಳುತ್ತದೆ. ಪಳಗಿದವರಿಗೆ ಮಾತ್ರ.

ಮಾರುವವರಿಗೆ ನಮ್ಮಲ್ಲಿ ಒಂದು ಕಷ್ಟ ಇದೆ. ಅಕ್ಟೋಬರ್‌ನಲ್ಲಿ ಕೆರೆ ತುಂಬಿರುತ್ತದೆ, ಆದರೆ ಕಾಫಿ ಇನ್ನೂ ಗಿಡದಲ್ಲಿ. ಕಾಫಿ ಮಾರಿ ದುಡ್ಡು ಕೈಗೆ ಬರುವ ಹೊತ್ತಿಗೆ ಹೂವಿಗೆ ನೀರು ಹೊಡೆದು ಕೆರೆ ತಳ ಕಂಡಿರುತ್ತದೆ. ನೀರಿದ್ದಾಗ ದುಡ್ಡಿಲ್ಲ, ದುಡ್ಡಿದ್ದಾಗ ನೀರಿಲ್ಲ. ರಾಫ್ಟನ್ನು ಮಾರ್ಚ್‌ನಲ್ಲಿ ಮಾರಲು ಹೋಗಿ ಕಳೆದುಕೊಂಡೆ, ಒಣಗಿದ ಕೆರೆಯ ಪಕ್ಕ ದೋಣಿಗೆ ಯಾರು ಬೆಲೆ ಕಟ್ಟುತ್ತಾರೆ? ಕಯಾಕನ್ನು ಅಕ್ಟೋಬರ್‌ನಲ್ಲಿ ತುಂಬಿದ ಕೆರೆಯಲ್ಲೇ ಓಡಿಸಿ ತೋರಿಸಿದೆ. ಬೆಸೆದ ಜಾಗವನ್ನೂ ನಾನೇ ತೋರಿಸಿದೆ, ಅದಕ್ಕೆ ಕೊಂಡವರು ಚೌಕಾಸಿಯನ್ನೇ ಮಾಡಲಿಲ್ಲ.

ಮೋಟರ್ ಇರುವ ದೋಣಿ ಕೊಳ್ಳುವುದಾದರೆ ಕಾಗದ ಕೇಳಿ. 1917ರ ಹಳೇ ಕಾಯ್ದೆಯ ಜಾಗಕ್ಕೆ 2021ರಲ್ಲಿ ಹೊಸ ಒಳನಾಡು ಹಡಗು ಕಾಯ್ದೆ ಬಂದಿದೆ, ಯಂತ್ರದಿಂದ ಓಡುವುದಕ್ಕೆ ನೋಂದಣಿ ಬೇಕು. ಹಾರಂಗಿ, ಚಿಕ್ಲಿಹೊಳೆ ಜಲಾಶಯಗಳಿಗೆ ಅನುಮತಿ ಇಲ್ಲದೆ ಸ್ವಂತ ದೋಣಿ ಇಳಿಸಬೇಡಿ.

ದೋಣಿಯ ಜೊತೆ ಹಳೇ ಲೈಫ್ ಜಾಕೆಟ್ ಫ್ರೀ ಕೊಡುತ್ತಾರೆ. ತೆಗೆದುಕೊಳ್ಳಬೇಡಿ. ನನಗೆ ರಾಫ್ಟಿನ ಜೊತೆ ಬಂದ ನಾಲ್ಕರಲ್ಲಿ ಎರಡರ ಫೋಮ್ ಹಿಚುಕಿದರೆ ಹಾಗೇ ತಗ್ಗಿ ಉಳಿಯುತ್ತಿತ್ತು. ದೋಣಿ ಹಳೇದಿರಲಿ, ಮಕ್ಕಳ ಮೈಮೇಲಿನ ಜಾಕೆಟ್ ಹೊಸದೇ ಇರಲಿ, ಅವರವರ ತೂಕಕ್ಕೆ ಸರಿಯಾಗಿ.

ಮಗಳಿಗೆ ಕಯಾಕ್ ಹೋದ ಬೇಸರ ಇನ್ನೂ ಇದೆ. ಈ ಅಕ್ಟೋಬರ್‌ಗೆ ಇನ್ನೊಂದು ಹಳೇ ಕಯಾಕ್ ಮಾತಾಡಿಟ್ಟಿದ್ದೇನೆ. ಬುಡದ ಫೋಟೊ ಕೇಳಿದ್ದೇನೆ, ಇನ್ನೂ ಬಂದಿಲ್ಲ.